ಗುರುವಾರ ರಾತ್ರಿ ಎಂಟಕ್ಕೆ ಚೌಕಾಬಾರ: ದೊಡ್ಡವರು ಆಟಕ್ಕೆ ಹೊತ್ತು ಮಾಡಿಕೊಳ್ಳುವ ಬಗೆ

ನನ್ನ ಅಜ್ಜಿಯ ಮನೆಯ ಜಗಲಿಯಲ್ಲಿ, ಕೆಂಪು ಗಾರೆ ನೆಲದ ಮೇಲೆ, ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರದ ಮನೆ ಕೊರೆದಿತ್ತು. ಗಾರೆ ಹಸಿಯಿದ್ದಾಗಲೇ ದಾರ ಹಿಡಿದು ಗೆರೆ ಎಳೆಸಿದ್ದರಂತೆ. ಒಲೆ ಎಲ್ಲಿ, ದೇವರ ಗೂಡು ಎಲ್ಲಿ ಎಂದು ಯೋಚಿಸಿದ ಹಾಗೆಯೇ ಆಟ ಎಲ್ಲಿ ಎಂದೂ ಯೋಚಿಸಿ ಕಟ್ಟಿದ ಮನೆ ಅದು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ಸಂಜೆ ಹಾಲು ಕರೆಯುವ ಮೊದಲು, ಅಜ್ಜಿಯೂ ಅಕ್ಕಪಕ್ಕದ ಮೂವರು ಹೆಂಗಸರೂ ಅಲ್ಲಿ ಕೂರುತ್ತಿದ್ದರು. ನೀರು ಸೇದಿ, ಒಲೆ ಊದಿ, ಕೊಟ್ಟಿಗೆ ಬಳಿದವರು ಅವರು. ನಮಗಿಂತ ಹೆಚ್ಚು ಪುರುಸೊತ್ತು ಇದ್ದವರೇನಲ್ಲ. ಆದರೆ ಅವರ ಆಟಕ್ಕೆ ಒಂದು ಹೊತ್ತು ಇತ್ತು, ಒಂದು ಜಾಗ ಇತ್ತು, ಕರೆದರೆ ಬರುವ ಜೊತೆ ಇತ್ತು.

ನಾವು ಬಿಡುವು ಸಿಗಲಿ ಎಂದು ಕಾಯುತ್ತೇವೆ. ಕೆಲಸ, ಟ್ರಾಫಿಕ್ಕು, ಮಕ್ಕಳ ಹೋಮ್‌ವರ್ಕು, ಅಪ್ಪ-ಅಮ್ಮನ ಔಷಧಿ ಎಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಆಡೋಣ ಎಂದುಕೊಂಡರೆ, ಆ ಉಳಿದ ಹೊತ್ತು ಬರುವುದೇ ಇಲ್ಲ. ಹಾಗಾಗಿ ಹೊತ್ತು, ಜಾಗ, ಜೊತೆ ಈ ಮೂರನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಇದನ್ನು ಮಾಡಿಕೊಂಡ ಕ್ರಮ ಹೀಗಿದೆ.

ಮೊದಲು ಹೊತ್ತು

ಒಂದು ವಾರ, ಕೆಲಸದಿಂದ ಬಂದ ಮೇಲೆ ಮಲಗುವ ತನಕ ಏನೇನು ಮಾಡಿದಿರಿ ಎಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚಿಡಿ. ಬಹಳ ಕರಾರುವಾಕ್ಕಾಗಿ ಬೇಡ. ನಮ್ಮ ಹಾಳೆಯಲ್ಲಿ ರಾತ್ರಿ ಎಂಟರಿಂದ ಒಂಬತ್ತರ ನಡುವೆ ಏಳು ದಿನವೂ ಒಂದೇ ಪದ ಇತ್ತು: ಮೊಬೈಲು. ನಾಲ್ಕು ಜನ, ನಾಲ್ಕು ಮೂಲೆ. ಅದರಲ್ಲಿ ಒಂದು ದಿನದ ಒಂದು ಗಂಟೆಯನ್ನು ತೆಗೆದುಕೊಂಡೆವು.

ಭಾನುವಾರವನ್ನು ಆರಿಸಬೇಡಿ ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಮದುವೆ, ಗೃಹಪ್ರವೇಶ, ಬಟ್ಟೆ ಒಗೆಯುವುದು, ನೆಂಟರು ಎಲ್ಲವೂ ಭಾನುವಾರವೇ. ವಾರದ ನಡುವಿನ ದಿನವನ್ನು ಕೇಳುವವರು ಕಡಿಮೆ. ನಮ್ಮದು ಗುರುವಾರ. ದಿನಾ ಆಡುವ ಪಣ ತೊಟ್ಟವರು ನಾಲ್ಕನೇ ದಿನಕ್ಕೆ ಸೋಲುತ್ತಾರೆ. ವಾರಕ್ಕೊಂದು ಗಂಟೆಯಿಂದ ಶುರುಮಾಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೆಚ್ಚಿನ ಮನೆಗಳಲ್ಲಿ ಗಂಡಸರಿಗೂ ಮಕ್ಕಳಿಗೂ ಆಟಕ್ಕೆ ಕೂರುವುದು ಸುಲಭ. ಅಡುಗೆಮನೆಯಲ್ಲಿರುವವರು ಮಾತ್ರ ‘ನೀವು ಆಡ್ತಿರಿ, ಬಂದೆ’ ಎನ್ನುತ್ತಾರೆ, ಬರುವುದಿಲ್ಲ. ಮೊದಲ ಎರಡು ಗುರುವಾರ ನನಗೂ ಹಾಗೇ ಆಯಿತು. ಆಮೇಲೆ ನಿಯಮ ಮಾಡಿದೆವು: ಗುರುವಾರ ರಾತ್ರಿ ಹೊಸ ಅಡುಗೆ ಇಲ್ಲ, ಬೆಳಗಿನ ಸಾರು, ಅನ್ನ, ಮೊಸರು, ಉಪ್ಪಿನಕಾಯಿ. ಪಾತ್ರೆ ತೊಳೆಯುವುದು ಕಳೆದ ವಾರ ಗೆದ್ದವರ ಪಾಲು. ಸಿಂಕು ಖಾಲಿಯಾಗುವ ತನಕ ಯಾರೂ ಗರ ಹಾಕುವಂತಿಲ್ಲ, ಅಂದರೆ ಕವಡೆ ಎಸೆಯುವಂತಿಲ್ಲ. ಮನೆಯ ಕೆಲಸ ಹಂಚಿಕೊಳ್ಳದೆ ಆಟಕ್ಕೆ ಹೊತ್ತು ಮಾಡಿದೆವು ಎಂದರೆ, ಒಬ್ಬರ ಹೊತ್ತನ್ನು ಕಿತ್ತು ಉಳಿದವರಿಗೆ ಕೊಟ್ಟ ಹಾಗೆ.

‘ಈ ವಯಸ್ಸಲ್ಲಿ ಆಟವಾ?’

ಈ ಪ್ರಶ್ನೆ ಬಂದೇ ಬರುತ್ತದೆ, ಹೆಚ್ಚಾಗಿ ನಮ್ಮ ಒಳಗಿಂದಲೇ. ಹಂಪಿಗೆ ಹೋದಾಗ ಮಂಟಪಗಳ ನೆಲ ನೋಡಿ. ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿದ್ದಾರೆ. ಗಟ್ಟಿ ಕಲ್ಲಿನಲ್ಲಿ ಗೆರೆ ಕೊರೆಯುವುದು ಮಕ್ಕಳ ಕೈಯ ಕೆಲಸವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಮಣೆಯಾಟಗಳನ್ನು ತಾವೇ ರೂಪಿಸಿದರು. ಚದುರಂಗದ ಕುದುರೆಯನ್ನು ಎಲ್ಲ 64 ಮನೆಗಳ ಮೇಲೂ ಒಂದೊಂದೇ ಸಲ ಓಡಿಸುವ ಲೆಕ್ಕದಲ್ಲಿ ಮುಳುಗುತ್ತಿದ್ದರು.

ಅರಮನೆಯ ಮಾತು ಬಿಡಿ, ತುಳುನಾಡಿನ ರೈತರ ಮನೆಗಳಲ್ಲಿ ಆಟಕ್ಕೆ ಒಂದು ತಿಂಗಳೇ ಇತ್ತು. ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಜಡಿಮಳೆಯ ತಿಂಗಳು. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಏಳು-ಏಳರಂತೆ 14 ಗುಳಿ, ಎದುರು ಬದುರು ಇಬ್ಬರು. ಘಟ್ಟದ ಮೇಲೆ ಶಿವರಾತ್ರಿಯ ಜಾಗರಣೆಗೆ ಪಗಡೆ, ಚೌಕಾಬಾರ. ಪಂಚಾಂಗದಲ್ಲಿಯೇ ಆಟಕ್ಕೆ ಜಾಗ ಬಿಟ್ಟವರ ಮೊಮ್ಮಕ್ಕಳು ನಾವು. ನಾಚಿಕೆ ಯಾಕೆ?

ಆಮೇಲೆ ಜಾಗ ಮತ್ತು ಮಣೆ

ಮೊದಲ ಆಟಕ್ಕೆ ಚೌಕಾಬಾರವೇ ಒಳ್ಳೆಯದು. ಏನೂ ಕೊಳ್ಳಬೇಕಾಗಿಲ್ಲ, ಹತ್ತು ನಿಮಿಷದಲ್ಲಿ ಕಲಿಯಬಹುದು, ಅಜ್ಜನೂ ಎಂಟು ವರ್ಷದ ಹುಡುಗಿಯೂ ಸರಿಸಮ ಆಡಬಹುದು.

ಸೀಮೆಸುಣ್ಣದಲ್ಲಿ ನೆಲದ ಮೇಲೆ ಮೊಳಕ್ಕಿಂತ ಸ್ವಲ್ಪ ದೊಡ್ಡ ಚೌಕ ಬರೆಯಿರಿ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ನಾಲ್ಕೂ ಬದಿಯ ನಡುವಿನ ಮನೆಗೆ, ಮತ್ತು ಒಟ್ಟು ಚೌಕದ ನಟ್ಟನಡುವಿನ ಮನೆಗೆ ಅಡ್ಡಗೆರೆ ಎಳೆಯಿರಿ. ಇವು ಕಟ್ಟೆಮನೆಗಳು; ಇಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಬದಿಯ ಕಟ್ಟೆಯಲ್ಲಿ ನಾಲ್ಕು ಕಾಯಿ ಇಟ್ಟು ಶುರುಮಾಡುತ್ತಾರೆ. ಕಾಯಿಗೆ ಬಳೆಚೂರು, ಕಡಲೆಕಾಳು, ಅಂಗಿಯ ಗುಂಡಿ, ಕಾಫಿಬೀಜ, ಗುರುತು ಸಿಕ್ಕರೆ ಸಾಕು.

ಗರ ಹಾಕಲು ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜ ತೆಗೆದುಕೊಂಡು ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ. ಈ ಉಜ್ಜುವ ಕೆಲಸವನ್ನು ಮಕ್ಕಳ ಕೈಗೆ ಕೊಡಿ, ಅವರಿಗೆ ಅದೇ ಅರ್ಧ ಆಟ. ಎಸೆದಾಗ ಎಷ್ಟು ಬಿಳಿ ಮೈ ಮೇಲೆ ಬಂತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ನಾಲ್ಕು, ಅದು ಚೌಕ. ನಾಲ್ಕೂ ಕಪ್ಪಾದರೆ ಎಂಟು, ಅದು ಬಾರ. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಸಲ ಗರ.

ಕಾಯಿ ಹೊರಸುತ್ತಿನ 16 ಮನೆಗಳಲ್ಲಿ ಎಡಸುತ್ತಾಗಿ ಸಾಗುತ್ತದೆ. ತನ್ನ ಕಟ್ಟೆಯ ಹಿಂದಿನ ಮನೆ ಮುಟ್ಟಿ ಒಳಗೆ ತಿರುಗಿ, ಒಳಸುತ್ತಿನ ಎಂಟು ಮನೆಗಳಲ್ಲಿ ಬಲಸುತ್ತಾಗಿ ನಡೆದು, ನಡುಮನೆ ಸೇರಿದರೆ ಹಣ್ಣು. ದಾರಿಯಲ್ಲಿ ಬೇರೆಯವರ ಕಾಯಿ ಇರುವ ಮನೆಗೆ ನಿಮ್ಮ ಕಾಯಿ ಬಂದರೆ ಹೊಡೆತ. ಹೊಡೆಸಿಕೊಂಡ ಕಾಯಿ ತನ್ನ ಕಟ್ಟೆಗೆ ಮರಳಿ ಮೊದಲಿನಿಂದ ಹೊರಡಬೇಕು, ಹೊಡೆದವರಿಗೆ ಇನ್ನೊಂದು ಗರ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇಡೀ ಆಟದ ಜೀವ ಇರುವುದು ಈ ಒಂದು ನಿಯಮದಲ್ಲಿ. ಇಲ್ಲದಿದ್ದರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹಾರಿ ಜೋಪಾನವಾಗಿ ಹಣ್ಣಾಗಿಬಿಡುತ್ತಾರೆ. ಗಂಡನ ಕಾಯನ್ನು ಹಣ್ಣಿಗೆ ಎರಡು ಮನೆ ಇರುವಾಗ ಹೊಡೆದ ದಿನ ನಮ್ಮತ್ತೆ ನಕ್ಕ ನಗುವನ್ನು ನಾನು ಹದಿನೈದು ವರ್ಷದಲ್ಲಿ ಕೇಳಿರಲಿಲ್ಲ.

ಊರಿಂದೂರಿಗೆ ನಿಯಮ ಬೇರೆ. ಜೋಡಿ ಕಾಯಿ ಕಟ್ಟುವುದು, ಮೂರು ಸಲ ಬಾರ ಬಿದ್ದರೆ ಲೆಕ್ಕ ಸುಡುವುದು ಹೀಗೆ. ಮನೆಯ ಹಿರಿಯರನ್ನು ಕೇಳಿ, ಅವರ ಊರಿನದೇ ಕಾನೂನು ಆಗಲಿ. ಕೇಳಿದ ನೆಪದಲ್ಲಿ ಬರುವ ಕಥೆಗಳು ಲಾಭ.

ಜೊತೆ

ಇಬ್ಬರೂ ಆಡಬಹುದು, ನಾಲ್ವರಾದರೆ ಸೊಗಸು. ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಒಬ್ಬರೇ ಇರುವವರು ಪಕ್ಕದ ಫ್ಲಾಟಿನ ಬಾಗಿಲು ತಟ್ಟಿ. ‘ಒಂದ್ ಕೈ ಕಮ್ಮಿ ಇದೆ, ಬರ್ತೀರಾ?’ ಎಂದರೆ ಸಾಕು, ‘ಒಮ್ಮೆ ಬನ್ನಿ’ ಎನ್ನುವ ಕರೆಗಿಂತ ಇದಕ್ಕೆ ಜನ ಬೇಗ ಬರುತ್ತಾರೆ.

ನನ್ನ ತಮ್ಮ ದುಬೈಯಲ್ಲಿದ್ದಾನೆ. ನಮಗೆ ಎಂಟು ಗಂಟೆಯಾದಾಗ ಅವನಿಗೆ ಆರೂವರೆ. ಒಂದು ಮೊಬೈಲನ್ನು ಡಬ್ಬಕ್ಕೆ ಒರಗಿಸಿ ಮಣೆಗೆ ಮುಖ ಮಾಡಿಡುತ್ತೇವೆ; ಅವನ ಗರವನ್ನು ಮಗಳು ಹಾಕುತ್ತಾಳೆ, ಯಾವ ಕಾಯಿ ನಡೆಸಬೇಕೆಂದು ಅವನು ಅಲ್ಲಿಂದ ಕೂಗುತ್ತಾನೆ. ಉಳಿದ ಮೊಬೈಲುಗಳು ಫ್ರಿಡ್ಜಿನ ಮೇಲೆ. ವಯಸ್ಸಾದವರು ಬೇರೆ ಊರಲ್ಲಿದ್ದರೆ ಒಂದರ ರಿಂಗ್ ಜೋರಾಗಿರಲಿ, ಆತಂಕ ಇಟ್ಟುಕೊಂಡು ಆಡಲಾಗದು.

ದುಡ್ಡು ಕಟ್ಟಿ ಆಡಬೇಡಿ, ಐದು ರೂಪಾಯಿಯೂ ಬೇಡ. ಮಕ್ಕಳಿಗೆಂದು ಬೇಕಂತಲೇ ಸೋಲುವುದೂ ಬೇಡ. ಅವರಿಗೆ ತಕ್ಷಣ ಗೊತ್ತಾಗುತ್ತದೆ, ಮನಸ್ಸಿಗೆ ನೋವಾಗುತ್ತದೆ. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಗಂಟೆ ಆಡಿ ಸರಿದೂಗಿಸಲು ಹೋಗಬೇಡಿ. ಬಾಕಿ ತೀರಿಸುವ ಆಟ ಮತ್ತೊಂದು ಕೆಲಸವಾಗುತ್ತದೆ.

ಮೈ ದಣಿಯುವ ಆಟ ಬೇಕೆನ್ನುವವರಿಗೆ ಲಗೋರಿ ಇದೆ: ಏಳು ಚಪ್ಪಟೆ ಕಲ್ಲು, ಒಂದು ಟೆನ್ನಿಸ್ ಚೆಂಡು, ಕಾರು ನಿಲ್ಲಿಸದ ಒಂದಿಷ್ಟು ಬಯಲು. ಬಹಳ ವರ್ಷ ಓಡದವರು ಮೊದಲು ಹತ್ತು ನಿಮಿಷ ನಡೆದು ಮೈ ಬಿಸಿಮಾಡಿಕೊಳ್ಳಿ.

ಮೂರ್ನಾಲ್ಕು ವಾರ ಕಳೆದ ಮೇಲೆ ಸೀಮೆಸುಣ್ಣ ಬಿಟ್ಟು, ಪೇಂಟಿನಲ್ಲಿಯೇ ಆ ಚೌಕ ಬರೆದುಬಿಡಿ. ಬಾಡಿಗೆ ಮನೆಯಾದರೆ ಹಳೇ ಬೆಡ್‌ಶೀಟಿನ ತುಂಡಿನ ಮೇಲೆ ಕೆಂಪು ನೂಲಲ್ಲಿ ಹೊಲಿದು ಗೋಡೆಗೆ ತೂಗುಹಾಕಿ. ಅಲ್ಲಿಯವರೆಗೆ, ಶುಕ್ರವಾರ ಬೆಳಿಗ್ಗೆ ನೆಲ ಒರೆಸುವಾಗ ಅದೊಂದು ಚೌಕವನ್ನು ಬಿಟ್ಟು ಒರೆಸಿ.