ಆರು ಮಕ್ಕಳ ಗುಂಪು ನಾಲ್ಕಕ್ಕೆ ಇಳಿದದ್ದು

ಗಣಿತ ಪಾಠದಲ್ಲಿ ಮೊದಲ ಸಲ ಮಕ್ಕಳನ್ನು ಗುಂಪು ಮಾಡಿ ಕೂರಿಸಿದಾಗ ಆಗಿದ್ದು ಇಷ್ಟೇ: ಆರು ಜನರಲ್ಲಿ ಒಬ್ಬಳು ಲೆಕ್ಕ ಮಾಡಿದಳು, ನಾಲ್ಕು ಜನ ಕಾಪಿ ಹೊಡೆದರು, ಒಬ್ಬ ಕಿಟಕಿಯಾಚೆ ನೋಡುತ್ತಾ ಕೂತ. ತಪ್ಪು ಅವರದ್ದಲ್ಲ. ಒಬ್ಬರೇ ಮುಗಿಸಬಹುದಾದ ಕೆಲಸವನ್ನು ಆರು ಜನಕ್ಕೆ ಕೊಟ್ಟವನು ನಾನು.

ಆಮೇಲೆ ಗುಂಪನ್ನು ನಾಲ್ಕಕ್ಕೆ ಇಳಿಸಿದೆ. ಮೊದಲ ಎರಡು ನಿಮಿಷ ಮಾತಿಲ್ಲ, ಅವರವರ ಉತ್ತರ ಅವರವರ ಪುಸ್ತಕದಲ್ಲಿ. ನಂತರ ಚರ್ಚೆ. ಕೊನೆಗೆ ಚೀಟಿ ಎತ್ತುತ್ತೇನೆ, ಹೆಸರು ಬಂದವರು ಬೋರ್ಡಿನ ಹತ್ತಿರ ಬಂದು ವಿವರಿಸಬೇಕು. ಯಾರ ಹೆಸರು ಬರುತ್ತೋ ಗೊತ್ತಿಲ್ಲವಲ್ಲ, ಹಾಗಾಗಿ ಗೊತ್ತಿರುವವರೇ ಗೊತ್ತಿಲ್ಲದವರನ್ನು ಹಿಡಿದು ಕೂರಿಸಿ ಹೇಳಿಕೊಡುತ್ತಾರೆ. ಇದು ಪೂರ್ತಿ ನನ್ನ ತಲೆಯದ್ದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1991ರಲ್ಲೇ ಇಂಥದ್ದು ಶುರು ಮಾಡಿದ್ದರು: ಮೊದಲು ಒಬ್ಬೊಬ್ಬರೇ ಉತ್ತರ ಕೊಡಬೇಕು, ಪಕ್ಕದವರ ಜೊತೆ ವಾದ ಮಾಡಬೇಕು, ಮತ್ತೆ ಉತ್ತರ ಕೊಡಬೇಕು. ಚೀಟಿ ಮಾತ್ರ ನಾನು ಸೇರಿಸಿದ್ದು.

ಒಂದು ದಿನ 0.35 ದೊಡ್ಡದೋ 0.5 ದೊಡ್ಡದೋ ಎಂದು ಕೇಳಿದೆ. ಒಂದು ಗುಂಪಿನಲ್ಲಿ ಮೂವರು 0.35 ಎಂದು ಬರೆದಿದ್ದರು, ಐದಕ್ಕಿಂತ ಮೂವತ್ತೈದು ಜಾಸ್ತಿ ಅಲ್ವಾ! ನಾಲ್ಕನೆಯವಳು, ಕ್ಲಾಸಿಗೇ ಮುಂದಿರುವವಳು, "ಐದರ ಪಕ್ಕ ಒಂದು ಸೊನ್ನೆ ಹಾಕಿ ನೋಡ್ರೋ" ಎಂದಳು. "ಸುಮ್ನೆ ಸೊನ್ನೆ ಹಾಕೋಕೆ ಆಗುತ್ತಾ? ಐದರ ಪಕ್ಕ ಸೊನ್ನೆ ಬಂದ್ರೆ ಐವತ್ತಾಗಲ್ವಾ?" ಎಂದ ಒಬ್ಬ. ಅವಳು ತಡವರಿಸಿದಳು. ನಿಯಮ ಬಾಯಿಗೆ ಬರುತ್ತಿತ್ತು, ಕಾರಣ ಗೊತ್ತಿರಲಿಲ್ಲ. ನನಗೆ ಬಾಯಿ ತುರಿಸುತ್ತಿತ್ತು, ಆದರೂ ಸುಮ್ಮನಿದ್ದೆ. ಆ ಕಿಟಕಿಯ ಹುಡುಗನೇ ಎದ್ದು ಮೀಟರ್ ಪಟ್ಟಿ ತಂದು ಡೆಸ್ಕಿನ ಮೇಲಿಟ್ಟ. "ಹತ್ತರಲ್ಲಿ ಐದು ಭಾಗ ಇಲ್ಲಿಗೆ ಬರುತ್ತೆ. ನೂರರಲ್ಲಿ ಐವತ್ತು ಭಾಗಾನೂ ಇಲ್ಲಿಗೇ. ಮೂವತ್ತೈದು ನೋಡು, ಹಿಂದೇನೇ ಉಳೀತು." ಸೊನ್ನೆ ಹಾಕಿ ಎಂದವಳು ಪಟ್ಟಿ ಕಿತ್ತುಕೊಂಡು ತಾನೂ ಒಮ್ಮೆ ಬೆರಳಿಟ್ಟು ಎಣಿಸಿದಳು.

ಗಲಾಟೆಯಂತೂ ಆಗುತ್ತೆ, ಪಕ್ಕದ ಕ್ಲಾಸಿನವರು ಇಣುಕಿಯೂ ನೋಡುತ್ತಾರೆ. ಪಾಠ ಮುಗಿಯೋದೂ ನಿಧಾನ. ಹಾಗಾಗಿ ಎಲ್ಲ ಲೆಕ್ಕಕ್ಕೂ ಗುಂಪು ಮಾಡಲ್ಲ; ಎಲ್ಲರಿಗೂ ಬರುವ ಲೆಕ್ಕಕ್ಕೆ ಚರ್ಚೆ ದಂಡ, ಯಾರಿಗೂ ಬರದಿದ್ದರೆ ನಾನೇ ಹೇಳಿಕೊಡಬೇಕು. ಅರ್ಧ ಕ್ಲಾಸು ಒಂದು ಕಡೆ, ಅರ್ಧ ಇನ್ನೊಂದು ಕಡೆ ನಿಂತರೆ ಮಜಾ.

ಆ ಮೊದಲ ಎರಡು ನಿಮಿಷವನ್ನು ಮಾತ್ರ ಬಿಡಲ್ಲ. ಪರೀಕ್ಷೆ ಹತ್ತಿರ ಬಂತೆಂದು ಒಂದು ವಾರ ಬಿಟ್ಟು ನೋಡಿದೆ, ಮತ್ತೆ ನಾಲ್ಕೂ ಪುಸ್ತಕದಲ್ಲಿ ಒಂದೇ ಉತ್ತರ, ಕಾಟು ಹೊಡೆದ ಜಾಗವೂ ಒಂದೇ.