ಕಾರಿನ ಕೆಲಸಕ್ಕೆ ಬ್ಯಾಟರಿ ಇಂಪ್ಯಾಕ್ಟ್ ರೆಂಚ್: ಕೊಳ್ಳುವ ಮುನ್ನ ನೋಡಬೇಕಾದದ್ದು

ಶಿರಾಡಿ ಘಾಟಿಯಲ್ಲಿ ಒಂದು ಸಂಜೆ ನನ್ನ ಕಾರಿನ ಹಿಂಬದಿಯ ಎಡ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲಿ ಗಾಳಿಯಿತ್ತು, ಜಾಕಿ ಇತ್ತು, ಬೆಳಕೂ ಇತ್ತು. ಆದರೆ ನಾಲ್ಕು ನಟ್ಟುಗಳಲ್ಲಿ ಒಂದೂ ಕದಲಲಿಲ್ಲ. ಹಿಂದಿನ ತಿಂಗಳು ಟೈರು ಹಾಕಿದ ಅಂಗಡಿಯವರು ಗಾಳಿ ಗನ್ನಿನಿಂದ ಅವನ್ನು ಮನಸೋ ಇಚ್ಛೆ ಬಿಗಿದಿದ್ದರು. ಕಾರಿನ ಜೊತೆ ಬರುವ ಎಲ್ ಸ್ಪ್ಯಾನರ್ ಸುಮಾರು 25 ಸೆಂಟಿಮೀಟರ್ ಉದ್ದವಿರುತ್ತದೆ. 70 ಕಿಲೋ ತೂಕದ ಮನುಷ್ಯ ಅದರ ತುದಿಯ ಮೇಲೆ ಹತ್ತಿ ನಿಂತರೂ ನಟ್ಟಿಗೆ ತಲುಪುವುದು ಸುಮಾರು 170 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ, ಮಾತ್ರ. ಕೊನೆಗೆ ಲಾರಿ ಚಾಲಕರೊಬ್ಬರು ಕೊಟ್ಟ ಕಬ್ಬಿಣದ ಪೈಪನ್ನು ಸ್ಪ್ಯಾನರಿಗೆ ತೊಡಿಸಿ ಉದ್ದ ಹೆಚ್ಚಿಸಿದ ಮೇಲೆ ನಟ್ಟುಗಳು ಕಿರುಗುಟ್ಟುತ್ತಾ ಸಡಿಲಾದವು. ಊರಿಗೆ ಮರಳಿದ ವಾರದಲ್ಲೇ ನಾನು ನಟ್ಟು ಬಿಚ್ಚಿ ಬಿಗಿಯುವ ಬ್ಯಾಟರಿ ಯಂತ್ರವಾದ ಇಂಪ್ಯಾಕ್ಟ್ ರೆಂಚ್ ಹುಡುಕತೊಡಗಿದೆ, ಮೊದಲ ಸಲ ತಪ್ಪು ಯಂತ್ರವನ್ನೇ ಕೊಂಡೆ. ಪೆಟ್ಟಿಗೆಯ ಮೇಲಿನ ಅತಿ ದೊಡ್ಡ ಸಂಖ್ಯೆಯನ್ನು ನೋಡಿ ಕೊಂಡದ್ದೇ ಆ ತಪ್ಪಿಗೆ ಕಾರಣವಾಗಿತ್ತು.

ಆ ಸಂಖ್ಯೆ ಏನನ್ನು ಹೇಳುತ್ತದೆ ಎಂದು ತಿಳಿಯಬೇಕಾದರೆ ಯಂತ್ರದ ಒಳಗೆ ನಡೆಯುವುದನ್ನು ಸ್ವಲ್ಪ ಗಮನಿಸಬೇಕು. ಇಂಪ್ಯಾಕ್ಟ್ ರೆಂಚ್ ನಟ್ಟನ್ನು ಡ್ರಿಲ್ಲಿನಂತೆ ಒಂದೇ ಸಮನೆ ತಿರುಗಿಸುವುದಿಲ್ಲ. ಮೋಟಾರು ಒಳಗಿನ ಒಂದು ಸುತ್ತಿಗೆಯನ್ನು ತಿರುಗಿಸುತ್ತದೆ. ನಟ್ಟು ಎದುರು ನಿಂತೊಡನೆ ಆ ಸುತ್ತಿಗೆ ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ಸರಿದು, ಆನ್ವಿಲ್ ಎಂಬ ಅಡಿಗಲ್ಲಿನ ಹಲ್ಲನ್ನು ದಾಟಿ, ಮುಂದಿನ ಹಲ್ಲಿಗೆ ಪಕ್ಕದಿಂದ ಬಡಿಯುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಬೀಳುವ ಈ ಪೆಟ್ಟುಗಳು ನಟ್ಟಿಗೇ ಹೋಗುವುದರಿಂದ ಹಿಡಿದವರ ಮಣಿಕಟ್ಟು ತಿರುಚುವುದಿಲ್ಲ, ಎರಡು ಕಿಲೋ ತೂಕದ ಯಂತ್ರವೂ ನೂರಾರು ನ್ಯೂಟನ್ ಮೀಟರ್ ಕೆಲಸ ಮಾಡುತ್ತದೆ. ಆದರೆ ಪೆಟ್ಟಿನ ಬಲ ಪೂರ್ತಿ ನಟ್ಟಿಗೆ ತಲುಪುತ್ತದೆ ಎಂಬ ಖಾತರಿಯಿಲ್ಲ. ಸಡಿಲ ಸಾಕೆಟ್ (ನಟ್ಟಿನ ಮೇಲೆ ಕೂರುವ ಬಟ್ಟಲು), ಉದ್ದನೆಯ ಎಕ್ಸ್‌ಟೆನ್ಷನ್, ತುಕ್ಕು ಹಿಡಿದ ಥ್ರೆಡ್, ಇವೆಲ್ಲ ತಮ್ಮ ತಮ್ಮ ಪಾಲನ್ನು ತಿಂದುಹಾಕುತ್ತವೆ.

ತಯಾರಕರು ಸಾಮಾನ್ಯವಾಗಿ ಎರಡು ಸಂಖ್ಯೆಗಳನ್ನು ಕೊಡುತ್ತಾರೆ. ಒಂದು ಬಿಗಿಯುವ ಟಾರ್ಕ್, ಇನ್ನೊಂದು ಕಚ್ಚಿಕೊಂಡ ನಟ್ಟನ್ನು ಬಿಡಿಸುವ ಟಾರ್ಕ್. ಎರಡನೆಯದು ಯಾವಾಗಲೂ ದೊಡ್ಡದು, ಆದ್ದರಿಂದ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದೂ ಅದೇ. ಬಾಷ್‌ನ ಜಿಡಿಎಸ್ 18ವಿ-400 ಯಂತ್ರದಲ್ಲಿ ಮೊದಲನೆಯದು 400, ಎರಡನೆಯದು 700 ನ್ಯೂಟನ್ ಮೀಟರ್. ಮಕಿಟಾದ ಡಿಟಿಡಬ್ಲ್ಯು300ರಲ್ಲಿ ಅವು 330 ಮತ್ತು 580. ಅದೇ ಕಂಪನಿಯ ಡಿಟಿಡಬ್ಲ್ಯು1002ರಲ್ಲಿ 1000 ಮತ್ತು 1600. ಒಂದು ಯಂತ್ರದ ಬಿಗಿಯುವ ಸಂಖ್ಯೆಯನ್ನು ಇನ್ನೊಂದರ ಬಿಡಿಸುವ ಸಂಖ್ಯೆಯೊಂದಿಗೆ ಹೋಲಿಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಒಂದೇ ಸಂಖ್ಯೆ ಕೊಟ್ಟು ಅದು ಯಾವುದೆಂದು ಹೇಳದ ಪೆಟ್ಟಿಗೆಯಲ್ಲಿರುವುದು ಬಿಡಿಸುವ ಟಾರ್ಕ್ ಎಂದೇ ತಿಳಿಯುವುದು ಕ್ಷೇಮ. ಅಮೆರಿಕದ ಪೆಟ್ಟಿಗೆಗಳಲ್ಲಿ ಅಳತೆ ಫುಟ್ ಪೌಂಡ್‌ನಲ್ಲಿರುತ್ತದೆ, ಅದನ್ನು 1.356ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ.

ಇನ್ನು ನಮಗೆ ಬೇಕಾದದ್ದೆಷ್ಟು? ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಕಾರುಗಳ ವೀಲ್ ನಟ್ಟುಗಳಿಗೆ ಕೈಪಿಡಿ ಹೇಳುವ ಬಿಗಿತ 85ರಿಂದ 130 ನ್ಯೂಟನ್ ಮೀಟರ್ ಒಳಗೇ ಇರುತ್ತದೆ. ಹೋಂಡಾ ಕಾರುಗಳಿಗೆ 108, ಹ್ಯುಂಡೈನ ಈಗಿನ ಕಾರುಗಳಿಗೆ 107ರಿಂದ 127, ಫೋಕ್ಸ್‌ವ್ಯಾಗನ್ ಪೋಲೋಗೆ 120. ಗನ್ನಿನವರು ಇದರ ಎರಡು ಪಟ್ಟು ಬಿಗಿದಿದ್ದರೂ, ಕರಾವಳಿಯ ಉಪ್ಪುಗಾಳಿಗೆ ಎರಡು ಮಳೆಗಾಲ ತುಕ್ಕು ಹಿಡಿದಿದ್ದರೂ, 300ರಿಂದ 400 ನ್ಯೂಟನ್ ಮೀಟರ್ ಬಿಗಿಯುವ ವರ್ಗದ ಯಂತ್ರ ಸಾಮಾನ್ಯವಾಗಿ ಸಾಕಾಗುತ್ತದೆ. ಡ್ರೈವ್ ಶಾಫ್ಟ್ ನಟ್ಟು, ಸಸ್ಪೆನ್ಷನ್ ಬೋಲ್ಟು, ಕ್ರ್ಯಾಂಕ್ ಪುಲ್ಲಿ ಬೋಲ್ಟುಗಳವರೆಗೂ ಕೈ ಹಾಕುವವರು ಮಾತ್ರ ಅದಕ್ಕಿಂತ ಮೇಲಿನದನ್ನು ಯೋಚಿಸಬೇಕು. ವರ್ಷಕ್ಕೆ ಒಮ್ಮೆ ಟೈರು ತಿರುಗಿಸಿ ಹಾಕುವುದಷ್ಟೇ ಕೆಲಸವಾದರೆ, ನನ್ನ ಅಭಿಪ್ರಾಯದಲ್ಲಿ ಯಂತ್ರವೇ ಬೇಡ: ಬ್ರೇಕರ್ ಬಾರ್ ಎಂಬ 60 ಸೆಂಟಿಮೀಟರಿನ ಒಂದು ಉದ್ದ ಹಿಡಿ ಅದೇ 70 ಕಿಲೋ ತೂಕದಲ್ಲಿ 400 ನ್ಯೂಟನ್ ಮೀಟರ್ ಕೊಡುತ್ತದೆ, ಚಾರ್ಜನ್ನೂ ಕೇಳುವುದಿಲ್ಲ.

ನನ್ನ ಮೊದಲ ಯಂತ್ರ ಸಾವಿರ ನ್ಯೂಟನ್ ಮೀಟರ್ ವರ್ಗದ್ದು. ಮೂರನೆಯ ದಿನವೇ ಮುಂದಿನ ಚಕ್ರದ ನಟ್ಟನ್ನು ಅದರಲ್ಲಿ ಬಿಗಿಯುವಾಗ ಟ್ರಿಗರ್ ಮೇಲಿನ ಬೆರಳು ಒಂದು ಕ್ಷಣ ಹೆಚ್ಚು ನಿಂತಿತು. ಮೊದಲು ಸದ್ದು ಬದಲಾಯಿತು, ಆಮೇಲೆ ನಟ್ಟು ಹಗುರಾಗಿ ತಿರುಗತೊಡಗಿತು, ಸಾಕೆಟ್ ಹೊರತೆಗೆದಾಗ ನಟ್ಟಿನೊಳಗೆ ಸ್ಟಡ್ಡಿನ, ಅಂದರೆ ನಟ್ಟು ಕೂರುವ ಥ್ರೆಡ್ ಕಡ್ಡಿಯ, ತುಂಡು ಹೊಳೆಯುತ್ತಿತ್ತು. 12 ಮಿಲಿಮೀಟರ್ ಸ್ಟಡ್ಡಿಗೆ ಅಷ್ಟು ಶಕ್ತಿಯ ಅಗತ್ಯವಿರಲಿಲ್ಲ. ತೂಕದ ಯಂತ್ರವಾದ್ದರಿಂದ ಫೆಂಡರ್ ಒಳಗಿನ ಸಂದಿಯಲ್ಲಿ ಅದನ್ನು ಹಿಡಿಯುವುದೂ ಕಷ್ಟವಾಗುತ್ತಿತ್ತು.

ಬ್ಯಾಟರಿಯ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಗಣಿತವನ್ನು ನಂಬುವುದು ಒಳ್ಳೆಯದು. ಒಂದು ಲಿಥಿಯಂ ಸೆಲ್ಲಿನ ಸರಾಸರಿ ವೋಲ್ಟೇಜು 3.6, ಪೂರ್ತಿ ಚಾರ್ಜಾದಾಗ 4.2. ಐದು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಸರಾಸರಿಯಲ್ಲಿ 18 ವೋಲ್ಟ್, ತುಂಬಿದಾಗ 21 ವೋಲ್ಟ್. ಒಬ್ಬರು 18 ಎಂದು, ಇನ್ನೊಬ್ಬರು 20 ಮ್ಯಾಕ್ಸ್ ಎಂದು, ಮತ್ತೊಬ್ಬರು 21 ಎಂದು ಬರೆಯುವುದು ಇದೇ ಐದು ಸೆಲ್ಲುಗಳನ್ನು. ಅವುಗಳ ನಡುವೆ ಶಕ್ತಿಯ ವ್ಯತ್ಯಾಸವೇನೂ ಇಲ್ಲ. ಅಗ್ಗದ ಯಂತ್ರಗಳ ಮೇಲೆ 48, 88, 128 ಎಂಬ ಸಂಖ್ಯೆಗಳ ಪಕ್ಕದಲ್ಲಿ ವಿಎಫ್ ಎಂಬ ಅಕ್ಷರಗಳಿರುತ್ತವೆ. ಅಂಥ ಒಂದರ ಚಾರ್ಜರನ್ನು ತಿರುಗಿಸಿ ನೋಡಿದರೆ ಅದರ ಹೊರಹರಿವು 21 ವೋಲ್ಟ್ ಎಂದು ಸಣ್ಣಕ್ಷರದಲ್ಲಿ ಮುದ್ರಿಸಿತ್ತು. ತಿರುಪು ಬಿಚ್ಚಿ ನೋಡಿದಾಗ ಒಳಗಿದ್ದದ್ದೂ ಐದೇ ಸೆಲ್ಲು. ಸ್ಟಿಕ್ಕರು ಏನೇ ಹೇಳಲಿ, ಚಾರ್ಜರಿನ ಮೇಲಿನ ಸಂಖ್ಯೆ ಸುಳ್ಳು ಹೇಳುವುದು ಕಡಿಮೆ, ಏಕೆಂದರೆ ಅದು ಸುಳ್ಳಾದರೆ ಬ್ಯಾಟರಿಯೇ ಸುಟ್ಟುಹೋಗುತ್ತದೆ.

ಆಂಪಿಯರ್ ಅವರ್ ಎಂಬುದು ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕಷ್ಟೇ ಸಂಬಂಧಿಸಿದ್ದೆಂದು ಅನೇಕರು ತಿಳಿಯುತ್ತಾರೆ. ಇಂಪ್ಯಾಕ್ಟ್ ರೆಂಚಿನ ಮಟ್ಟಿಗೆ ಅದು ಶಕ್ತಿಗೂ ಸಂಬಂಧಿಸಿದ ವಿಷಯ. 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನ ಐದು ಸೆಲ್ಲುಗಳಿದ್ದರೆ, 4 ಅಥವಾ 5ರದ್ದರಲ್ಲಿ ಎರಡು ಸಾಲು, ಅಂದರೆ ಹತ್ತು ಸೆಲ್ಲುಗಳಿರುತ್ತವೆ. ಕಚ್ಚಿದ ನಟ್ಟಿನ ಎದುರು ಮೋಟಾರು ದಿಢೀರನೆ ಹೆಚ್ಚು ಕರೆಂಟು ಎಳೆದಾಗ ಹೊರೆ ಎರಡು ಸಾಲುಗಳಿಗೆ ಹಂಚಿಹೋಗುವುದರಿಂದ ವೋಲ್ಟೇಜು ಕಡಿಮೆ ಕುಸಿಯುತ್ತದೆ, ಅದೇ ಯಂತ್ರದ ಪೆಟ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಸಣ್ಣ ಬ್ಯಾಟರಿಗಳೆರಡು ಬರುವ ಪೆಟ್ಟಿಗೆಗಿಂತ 4ರ ಒಂದು ಬ್ಯಾಟರಿ ಬರುವುದನ್ನು ನಾನು ಆರಿಸುತ್ತೇನೆ. ಮನೆಯಲ್ಲಿ ಆಗಲೇ ಒಂದು ಕಂಪನಿಯ 18 ವೋಲ್ಟ್ ಡ್ರಿಲ್ಲು ಇದ್ದರೆ, ಅದೇ ಬ್ಯಾಟರಿ ಕೂರುವ ಬರಿಯ ಯಂತ್ರವನ್ನು ಕೊಳ್ಳುವುದರಿಂದ ಗಣನೀಯ ಹಣ ಉಳಿಯುತ್ತದೆ. ಬ್ರಷ್‌ಲೆಸ್ ಮೋಟಾರು (ಒಳಗೆ ಉಜ್ಜುವ ಕಾರ್ಬನ್ ಬ್ರಷ್ ಇಲ್ಲದ್ದು) ಇರುವುದನ್ನೇ ತೆಗೆದುಕೊಳ್ಳಿ, ಈ ವಿಷಯದಲ್ಲಿ ಚೌಕಾಸಿ ಬೇಡ.

ಸಾಕೆಟ್ ಕೂರುವ ತುದಿಯ ಚೌಕ ಅರ್ಧ ಇಂಚಿನದಾಗಿರಲಿ. ಮೂರು ಬೈ ಎಂಟು ಇಂಚಿನ ಯಂತ್ರಗಳು ಎಂಜಿನ್ ಸುತ್ತಮುತ್ತ ಮತ್ತು ಬೈಕಿನ ಕೆಲಸಕ್ಕೆ ಚೆನ್ನ. ಮುಕ್ಕಾಲು ಇಂಚು ಲಾರಿ, ಟ್ರಾಕ್ಟರ್ ಇರುವವರಿಗೆ. ಚೌಕಕ್ಕೆ ಉಂಗುರದ ಹಿಡಿತವಿದ್ದರೆ ಸಾಕೆಟ್ ಹಾಕಿ ತೆಗೆಯುವುದು ಸುಲಭ, ಗುಂಡಿಯ ಹಿಡಿತವಿದ್ದರೆ ಅದು ಬೀಳುವುದಿಲ್ಲ, ಆದರೆ ತೆಗೆಯಲು ಮೊಳೆ ಹುಡುಕಬೇಕಾಗುತ್ತದೆ. ಕಾಲುಭಾಗ ಇಂಚಿನ ಷಡ್ಭುಜ ತೂತಿರುವ ಇಂಪ್ಯಾಕ್ಟ್ ಡ್ರೈವರನ್ನೇ ರೆಂಚ್ ಎಂದು ಮಾರುವವರೂ ಇದ್ದಾರೆ. ಅದು ಮರದ ತಿರುಪಿಗೆ ಸರಿ, ಚಕ್ರಕ್ಕಲ್ಲ.

ವೇಗದ ಹಂತಗಳು ಕನಿಷ್ಠ ಮೂರಿರಬೇಕು. ಅದಕ್ಕಿಂತ ಮುಖ್ಯವಾಗಿ, ಬಿಚ್ಚುವಾಗ ನಟ್ಟು ಸಡಿಲವಾದೊಡನೆ ತಾನೇ ನಿಲ್ಲುವ ಮತ್ತು ಬಿಗಿಯುವಾಗ ಕೆಲವೇ ಪೆಟ್ಟುಗಳ ನಂತರ ನಿಲ್ಲುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಇದಿಲ್ಲದಿದ್ದರೆ ಬಿಡಿಸಿದ ನಟ್ಟು ರಸ್ತೆಬದಿಯ ಹುಲ್ಲಿಗೆ ಹಾರುತ್ತದೆ. ಅಂಗಡಿಯಲ್ಲೇ ಬ್ಯಾಟರಿ ಹಾಕಿಸಿ ಟ್ರಿಗರನ್ನು ಮೆಲ್ಲಗೆ ಒತ್ತಿ ನೋಡಿ: ಬೆರಳಿನ ಒತ್ತಡಕ್ಕೆ ತಕ್ಕಂತೆ ವೇಗ ಏರಬೇಕು, ಒಮ್ಮೆಲೇ ಚಿಮ್ಮಬಾರದು.

ಸಾಕೆಟ್ಟುಗಳ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಕೈಯ ರ‍್ಯಾಚೆಟ್ಟಿಗೆ ಬಳಸುವ ಹೊಳಪಿನ ಕ್ರೋಮ್ ಸಾಕೆಟ್ಟು ಈ ಬಡಿತಕ್ಕೆ ಸೀಳಿ ಚೂರು ಹಾರುವ ಅಪಾಯವಿದೆ. ಕಪ್ಪು ಬಣ್ಣದ, ದಪ್ಪ ಗೋಡೆಯ, ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಮಾರುತಿಗೆ ಬಹುತೇಕ 19, ಹ್ಯುಂಡೈಗೆ 21, ಫೋಕ್ಸ್‌ವ್ಯಾಗನ್ನಿಗೆ 17 ಮಿಲಿಮೀಟರ್. ಅಲಾಯ್ ಚಕ್ರವಿದ್ದರೆ ಹೊರಗೆ ಪ್ಲಾಸ್ಟಿಕ್ ಕವಚವಿರುವ ತೆಳುಗೋಡೆಯ ಉದ್ದ ಸಾಕೆಟ್ ತೆಗೆದುಕೊಳ್ಳದೆ ಹೋದರೆ ನಟ್ಟಿನ ಕುಳಿಯ ಸುತ್ತ ಬಣ್ಣ ಕೆತ್ತಿಹೋಗುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ ಇರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಇದರ ಸದ್ದು ಸಹಿಸುವಂಥದ್ದಲ್ಲ.

ಯಂತ್ರಕ್ಕೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಬಿಗಿತವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚಿಗೆ ತೆಗೆದಿಡಿ. ನಟ್ಟನ್ನು ಮೊದಲು ಬೆರಳಿನಲ್ಲೇ ನಾಲ್ಕೈದು ಸುತ್ತು ಕೂರಿಸಿ, ಆಮೇಲೆ ಯಂತ್ರದ ಅತಿ ಕಡಿಮೆ ಹಂತದಲ್ಲಿ ಒಂದಾದ ಮೇಲೆ ಅದರ ಎದುರಿನದನ್ನು ಹಗುರಾಗಿ ಬಿಗಿದು, ಕಾರನ್ನು ಜಾಕಿಯಿಂದ ಇಳಿಸಿದ ಮೇಲೆ ಕೈಪಿಡಿಯ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲಿ ಮುಗಿಸಬೇಕು. ಒಂದೊಂದು ನಟ್ಟು ಒಂದೊಂದು ಬಿಗಿತದಲ್ಲಿದ್ದರೆ ಬ್ರೇಕ್ ಡಿಸ್ಕು ಸೊಟ್ಟಗೆ ಕೂತು ಪೆಡಲ್ ನಡುಗಬಹುದು. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ನಂತರ ಇನ್ನೊಮ್ಮೆ ಪರೀಕ್ಷಿಸುವುದು ವಾಡಿಕೆ.

ಅಮೆರಿಕದಲ್ಲಿರುವ ಮಕ್ಕಳಿಂದ ಯಂತ್ರ ತರಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿನ ಚಾರ್ಜರುಗಳು ಬಹುಮಟ್ಟಿಗೆ 120 ವೋಲ್ಟಿನವು. ಇಲ್ಲಿನ 230 ವೋಲ್ಟಿಗೆ ಚುಚ್ಚಿದರೆ ಹೊಗೆ ಬರುತ್ತದೆ, ಆದ್ದರಿಂದ ಚಾರ್ಜರನ್ನು ಇಲ್ಲೇ ಕೊಳ್ಳಬೇಕು. ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ತರಬೇಕು; 18 ವೋಲ್ಟಿನ 5 ಆಂಪಿಯರ್ ಅವರ್ ಎಂದರೆ 90 ವ್ಯಾಟ್ ಅವರ್, ವಿಮಾನದ 100ರ ಮಿತಿಯೊಳಗೆ ಬರುತ್ತದೆ. ಇಲ್ಲಿಗೆ ಬಂದ ಮೇಲೆ ಅದನ್ನು ಸದಾ ಕಾರಿನ ಡಿಕ್ಕಿಯಲ್ಲಿಡುವ ಆಸೆಯಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ನಿಂತ ಕಾರಿನೊಳಗೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ನಾನು ಯಂತ್ರವನ್ನು ಮನೆಯ ಕಪಾಟಿನಲ್ಲಿ ಅರ್ಧ ಚಾರ್ಜಿನಲ್ಲಿಟ್ಟು, ದೂರದ ಪ್ರಯಾಣದ ಹಿಂದಿನ ರಾತ್ರಿ ಮಾತ್ರ ತುಂಬಿಸಿ ಡಿಕ್ಕಿಗೆ ಹಾಕುತ್ತೇನೆ.