ಭಕ್ತಿ ಪುಸ್ತಕ ಆರಿಸೋದು ಹೇಗೆ? ಹಾಸನದ ಒಬ್ಬ ಟೈಲರಮ್ಮನ ಅನುಭವ

ಹಾಸನದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಶಾಲೆ ಯೂನಿಫಾರ್ಮ್ ಹೊಲಿಯುತ್ತೇನೆ. ಮಿಷನ್ ಪಕ್ಕದ ಶೆಲ್ಫಿನಲ್ಲಿ ದಾರದ ರೀಲುಗಳ ಜೊತೆ ಎರಡು ಮೂರು ಪುಸ್ತಕ ಸದಾ ಇರುತ್ತವೆ. ಅದನ್ನು ನೋಡಿ ನಮ್ಮ ಚರ್ಚಿನ ಹೆಂಗಸರು ಕೇಳುತ್ತಾರೆ, "ಅಕ್ಕಾ, ನಮಗೂ ಯಾವುದಾದ್ರೂ ಒಳ್ಳೆ ಭಕ್ತಿ ಪುಸ್ತಕ ಹೇಳಿ." ನಾನು ತಕ್ಷಣ ಹೆಸರು ಹೇಳುವುದಿಲ್ಲ. "ನಿಮಗೆ ದಿನಕ್ಕೆ ಎಷ್ಟು ಹೊತ್ತು ಬಿಡುವು? ಬೆಳಿಗ್ಗೆನಾ, ರಾತ್ರಿನಾ?" ಅಂತ ಕೇಳುತ್ತೇನೆ. ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕಲು ಆಗುತ್ತದಾ?

ಈ ಬುದ್ಧಿ ನನಗೆ ಬಂದದ್ದು ದುಡ್ಡು ಕಳೆದುಕೊಂಡ ಮೇಲೆ. ಒಮ್ಮೆ ಧ್ಯಾನಕೂಟಕ್ಕೆ ಹೋದವಳು, ಕೊನೆಯ ದಿನ ಮನಸ್ಸು ಉಕ್ಕಿ ಬಂದು, ಅಲ್ಲೇ ಹೊರಗೆ ಮಾರುತ್ತಿದ್ದ ಮೂರು ದಪ್ಪ ಸಂಪುಟ ಕೊಂಡೆ. ಮನೆಗೆ ಬಂದು ಮೊದಲನೆಯದರ ಹನ್ನೊಂದು ಪುಟ ಓದಿದೆ. ಆಮೇಲೆ ಅವು ಫಾಲ್ಸ್ ಹಚ್ಚಿದ ಸೀರೆಯ ಮಡಿಕೆ ಕೂರಲಿ ಅಂತ ಮೇಲೆ ಇಡುವ ಭಾರ ಆದವು. ಇದನ್ನು ಪಾಪನಿವೇದನೆಯಲ್ಲಿ ಇನ್ನೂ ಹೇಳಿಲ್ಲ.

ಹತ್ತೇ ನಿಮಿಷ ಬಿಡುವು ಇರುವವರಿಗೆ ದಪ್ಪ ಪುಸ್ತಕ ಬೇಡ. ಮೊದಲು ಬೈಬಲ್ಲೇ ಸಾಕು. ಅದರಲ್ಲೂ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಬೇಡಿ. ತುಂಬಾ ಜನ ಹಾಗೆ ಶುರು ಮಾಡಿ, ಯಾಜಕಕಾಂಡದ ಬಲಿಗಳ ಪಟ್ಟಿ ಬಂದಾಗ ಪುಸ್ತಕ ಮುಚ್ಚುತ್ತಾರೆ. ಮಾರ್ಕನಿಂದ ಶುರು ಮಾಡಿ. ನಾಲ್ಕು ಶುಭಸಂದೇಶಗಳಲ್ಲಿ, ಅಂದರೆ ಯೇಸುವಿನ ಜೀವನ ಹೇಳುವ ಪುಸ್ತಕಗಳಲ್ಲಿ, ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದು ಅಂದರೆ ಹದಿನಾರು ದಿನ.

ಯಾವ ಬೈಬಲ್ ಅಂತ ಕೇಳುವವರಿಗೆ: ನಮ್ಮ ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಸಿಎಸ್‌ಐ ಮೊದಲಾದ ಪ್ರೊಟೆಸ್ಟೆಂಟ್ ಸಭೆಗಳವರದರಲ್ಲಿ 66. ತೋಬಿತ, ಸಿರಾಖ ಇವೆಲ್ಲ ಆ ಹೆಚ್ಚಿನ ಏಳರಲ್ಲಿ ಬರುತ್ತವೆ. ಭಾಷೆಯೂ ಬೇರೆ. ಪಕ್ಕದ ಮನೆಯ ಸಿಎಸ್‌ಐ ಅಕ್ಕನ ಹಳೆಯ ಸತ್ಯವೇದದಲ್ಲಿ 23ನೇ ಕೀರ್ತನೆ "ಯೆಹೋವನು ನನಗೆ ಕುರುಬನು" ಅಂತ ಶುರುವಾಗುತ್ತದೆ. ನಮ್ಮದರಲ್ಲಿ ಯೆಹೋವ ಅನ್ನುವ ಕಡೆಯೆಲ್ಲ ಸರ್ವೇಶ್ವರ, ಪ್ರಭು ಅಂತ ಇರುತ್ತದೆ. ಅವರು ಸುವಾರ್ತೆ ಅನ್ನುತ್ತಾರೆ, ನಾವು ಶುಭಸಂದೇಶ. ನನಗೆ ಅರ್ಥಕ್ಕೆ ನಮ್ಮದು ಸುಲಭ, ಜೋರಾಗಿ ಓದಲು ಅವರದು ಚೆಂದ. ಎರಡೂ ಇಟ್ಟುಕೊಂಡಿದ್ದೇನೆ. ಆದರೆ ಕೊಳ್ಳುವಾಗ ಅಕ್ಷರದ ಗಾತ್ರ ನೋಡಿ. ನಲವತ್ತೈದು ದಾಟಿದವರು ಅಂಗೈ ಅಗಲದ ಬೈಬಲ್ ಕೊಂಡರೆ ಅದು ಪರ್ಸಿನಲ್ಲೇ ಇರುತ್ತದೆ.

ಇನ್ನು ನನ್ನ ಒಂದು ಗುಟ್ಟು ಹೇಳುತ್ತೇನೆ. ನೀವು ಮಾಡುವ ಕೆಲಸ ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿ. ಮಾರ್ಕನ ಎರಡನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾರೆ, ಹಳೆ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಯಾರೂ ಹಾಕುವುದಿಲ್ಲ, ಹಾಕಿದರೆ ಅದು ಎಳೆದು ಹರುಕು ಇನ್ನೂ ದೊಡ್ಡದಾಗುತ್ತದೆ ಅಂತ. ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೆ, ಕಿವಿಗೆ ಬಿದ್ದು ಹೋಗಿತ್ತು. ಅಂಗಡಿಯಲ್ಲಿ ಕೂತು ಓದಿದ ದಿನ ಕೈ ನಿಂತಿತು. ಯಾಕೆಂದರೆ ಆ ತಪ್ಪು ನಾನೇ ಮಾಡಿದ್ದೆ. ಹತ್ತಿ ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿಸಬೇಕು. ಕೆಲಸ ಕಲಿತ ಹೊಸತರಲ್ಲಿ, ಅವಸರಕ್ಕೆ, ಒಬ್ಬ ಮದುಮಗಳ ಬ್ಲೌಸಿಗೆ ನೆನೆಸದ ಲೈನಿಂಗ್ ಕೊಟ್ಟೆ. ಮೊದಲ ಒಗೆತಕ್ಕೆ ಒಳಗಿನದು ಕುಗ್ಗಿ, ಮೇಲಿನ ರೇಷ್ಮೆ ತೋಳಿನ ಹತ್ತಿರ ಸುಕ್ಕುಸುಕ್ಕಾಗಿ, ಹೊಲಿಗೆ ಬಿಟ್ಟುಕೊಂಡಿತು. ಆ ಹುಡುಗಿಯ ಅಮ್ಮ ಬ್ಲೌಸನ್ನು ಮೇಜಿನ ಮೇಲೆ ಹಾಕಿ ಒಂದು ಮಾತೂ ಆಡದೆ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆವತ್ತಿನಿಂದ ಆ ವಚನ ನನ್ನದಾಯಿತು. ಅಡಿಕೆ ತೋಟದವರಿಗೆ, ಕುರಿ ಸಾಕುವವರಿಗೆ, ರೊಟ್ಟಿ ತಟ್ಟುವವರಿಗೆ, ಸಾಲ ಮಾಡಿಕೊಂಡವರಿಗೆ, ಎಲ್ಲರಿಗೂ ಶುಭಸಂದೇಶದಲ್ಲಿ ಜಾಗ ಇದೆ. ಹುಡುಕಬೇಕು ಅಷ್ಟೆ. ಶುಭ ಶುಕ್ರವಾರ ಯೊವಾನ್ನನ ಶುಭಸಂದೇಶದಿಂದ ಯೇಸುವಿನ ಪಾಡುಗಳ ಕಥೆ ಓದುವಾಗ, ಮೇಲಿನಿಂದ ಕೆಳಗಿನ ತನಕ ಹೊಲಿಗೆಯೇ ಇಲ್ಲದೆ ನೇಯ್ದ ಅಂಗಿ ಅಂತ ಬಂದರೆ ನನ್ನ ಮಗಳು ಮೊಣಕೈಯಲ್ಲಿ ತಿವಿಯುತ್ತಾಳೆ.

ಮನಸ್ಸು ಸರಿ ಇಲ್ಲದ ದಿನ ಕೀರ್ತನೆಗಳಿಗೆ ಹೋಗಿ. 150 ಇವೆ, ಎಲ್ಲವೂ ಸ್ತೋತ್ರ ಅಂದುಕೊಳ್ಳಬೇಡಿ. 13ನೆಯದು "ಇನ್ನೆಷ್ಟು ದಿನ?" ಅಂತ ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಸಾವಿನ ಮನೆಯಲ್ಲಿ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ, ನಗುಮುಖದ ಪುಸ್ತಕ ಕೊಡುವುದಿಲ್ಲ.

ಓದುವ ರೀತಿಗೆ ಹಳೆಯದೊಂದು ಕ್ರಮ ಇದೆ. 12ನೇ ಶತಮಾನದ ಗೀಗೋ ಅನ್ನುವ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲ ಏಣಿ ಅಂತ ಬರೆದರು: ಓದುವುದು, ಮೆಲುಕು ಹಾಕುವುದು, ಪ್ರಾರ್ಥಿಸುವುದು, ಆಮೇಲೆ ಸುಮ್ನೆ ಇರುವುದು. ನಾನು ಇದನ್ನು 131ನೇ ಕೀರ್ತನೆಯಲ್ಲಿ ಕಲಿತೆ. ಅದರಲ್ಲಿ ಇರುವುದೇ ಮೂರು ವಚನ. ತಾಯಿಯ ಬಳಿ ಇರುವ, ಹಾಲು ಬಿಟ್ಟ ಕೂಸಿನ ಹಾಗೆ ನನ್ನ ಮನಸ್ಸು ಸುಮ್ಮನಿದೆ ಅನ್ನುತ್ತದೆ. ಒಂದು ವಾರ ಅದೊಂದನ್ನೇ ಓದಿದೆ. ಹಾಲು ಬಿಟ್ಟ ಕೂಸು ಯಾಕೆ, ಹಾಲು ಕುಡಿಯುವ ಕೂಸು ಯಾಕಲ್ಲ? ಐದನೇ ದಿನ ತಂಗಿ ತನ್ನ ಎರಡು ವರ್ಷದ ಮಗನ ಜೊತೆ ಬಂದಳು. ವರ್ಷದ ಹಿಂದೆ ಇದೇ ಮಗು ಅಮ್ಮನ ಮಡಿಲಿಗೆ ಹೋದ ತಕ್ಷಣ ಸೆರಗು ಎಳೆದು ಹಟ ಮಾಡುತ್ತಿತ್ತು. ಈಗ ಹೋಗಿ, ಏನೂ ಕೇಳದೆ, ಒರಗಿ ಕೂತಿತು. ನನ್ನ ಪ್ರಾರ್ಥನೆ ಎಲ್ಲ ಸೆರಗು ಎಳೆಯುವುದೇ ಆಗಿತ್ತಲ್ಲ ಅನ್ನಿಸಿತು. ಮೂರು ಸಂಪುಟ ಕೊಡದಿದ್ದನ್ನು ಮೂರು ವಚನ ಕೊಟ್ಟಿತು.

ಬೈಬಲಿನ ಹೊರಗಿನ ಪುಸ್ತಕಗಳಿಗೆ ಬರೋಣ. ಅಂಗಡಿಯಲ್ಲಿ ಮುನ್ನುಡಿ ಓದಬೇಡಿ, ನಡುವೆ ಎಲ್ಲಾದರೂ ತೆರೆದು ಒಂದು ಪುಟ ಓದಿ. ಮುನ್ನುಡಿ ಎಲ್ಲ ಪುಸ್ತಕಕ್ಕೂ ಚೆನ್ನಾಗಿಯೇ ಇರುತ್ತದೆ. ಕಥೋಲಿಕ ಪುಸ್ತಕವಾದರೆ ಮೊದಲ ಹಾಳೆಗಳಲ್ಲಿ ಸಣ್ಣಕ್ಷರದಲ್ಲಿ ಇಂಪ್ರಿಮಾತುರ್ ಅಂತ, ಕೆಳಗೆ ಒಬ್ಬ ಬಿಷಪರ ಹೆಸರು ಇದೆಯಾ ನೋಡಿ. ವಿಶ್ವಾಸಕ್ಕೆ ವಿರುದ್ಧವಾದದ್ದು ಇದರಲ್ಲಿ ಇಲ್ಲ, ಅಚ್ಚು ಹಾಕಬಹುದು ಅಂತ ಅದರ ಅರ್ಥ. ಪುಸ್ತಕ ಸೊಗಸಾಗಿದೆ ಅಂತ ಅಲ್ಲ! ಇಲ್ಲದೆ ಹೋದರೆ ಫಾದರ್ ಅವರನ್ನೋ ಸಿಸ್ಟರ್ ಅವರನ್ನೋ ಒಂದು ಮಾತು ಕೇಳಿ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಸಂತ ಇಗ್ನಾಸಿಯವರ ಕಥೆ. 1521ರಲ್ಲಿ, ಇನ್ನೂ ಸೈನಿಕರಾಗಿದ್ದಾಗ, ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರಿಯಿತು. ಮನೆಯಲ್ಲಿ ಮಲಗಿದ್ದವರು ವೀರರ ಕಥೆ ಪುಸ್ತಕ ಕೊಡಿ ಅಂದರು. ಇರಲಿಲ್ಲ. ಕ್ರಿಸ್ತರ ಜೀವನ, ಸಂತರ ಕಥೆ ಇಷ್ಟೇ ಸಿಕ್ಕಿದ್ದು. ವೀರರ ಕನಸು ಕಾಣುವಾಗ ಖುಷಿ ಆಗುತ್ತಿತ್ತು, ಮುಗಿದ ಮೇಲೆ ಒಳಗೆಲ್ಲ ಒಣಒಣ. ಸಂತರ ಬಗ್ಗೆ ಯೋಚಿಸಿದರೆ ಆಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದೇ ಅವರ ಬದುಕು ತಿರುಗಿತು. ನಾನೂ ಹಾಗೇ ನೋಡುತ್ತೇನೆ, ಪುಸ್ತಕ ಮುಚ್ಚಿ ಒಂದು ಗಂಟೆ ಆದ ಮೇಲೆ ಬಾಯಲ್ಲಿ ಏನು ರುಚಿ ಉಳಿದಿದೆ ಅಂತ. ಯಾರೋ ಕೊಟ್ಟರು ಅಂತ ಲೋಕಾಂತ್ಯದ ಲೆಕ್ಕ ಹಾಕಿದ ಪುಸ್ತಕವೊಂದನ್ನು ಓದಿದ್ದೆ. ಓದುವಾಗ ಕೆಳಗಿಡಲು ಆಗಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ಬರೀ ಸಿಡಿಮಿಡಿ. ಆ ದಿನ, ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಮಾರ್ಕನ 13ನೇ ಅಧ್ಯಾಯದಲ್ಲಿ ಯೇಸುವೇ ಹೇಳಿರುವಾಗ ಇವರಿಗೆ ಹೇಗೆ ಗೊತ್ತಾಯಿತೋ. ವಾಪಸ್ ಕೊಟ್ಟುಬಿಟ್ಟೆ.

ಹಾಗಂತ ಹಿತವಾದದ್ದೇ ಒಳ್ಳೆಯದು ಅಂತಲೂ ಅಲ್ಲ. ಫ್ರಾನ್ಸಿನ ಲಿಸ್ಯೂ ಊರಿನ ಸನ್ಯಾಸಿನಿ ಪುಟ್ಟ ತೆರೇಸಾ ತಾನೇ ಬರೆದ ಜೀವನ ಕಥೆ ನನಗೆ ಚುಚ್ಚಿದಷ್ಟು ಯಾವುದೂ ಚುಚ್ಚಿಲ್ಲ. 24 ವರ್ಷಕ್ಕೆ, 1897ರಲ್ಲಿ ತೀರಿಹೋದ ಹುಡುಗಿ. ಮಠದಲ್ಲಿ ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಕೊಳಕು ನೀರು ಮುಖಕ್ಕೆ ಎರಚುತ್ತಿದ್ದರು, ಹಿಂದೆ ಸರಿಯದೆ ನಿಂತೆ ಅಂತ ಬರೆಯುತ್ತಾಳೆ. ಪ್ರಾರ್ಥನೆಯಲ್ಲಿ ನಿದ್ದೆ ಬರುತ್ತಿತ್ತು ಅಂತಲೂ ಒಪ್ಪಿಕೊಳ್ಳುತ್ತಾಳೆ. ನನಗಂತೂ ಧೈರ್ಯ ಬಂತು. ಅಡುಗೆ ಮನೆಯಲ್ಲೇ ದಿನ ಕಳೆಯುವವರಿಗೆ ಬ್ರದರ್ ಲಾರೆನ್ಸ್ ಅವರ ಚಿಕ್ಕ ಪುಸ್ತಕ. 17ನೇ ಶತಮಾನದ ಪ್ಯಾರಿಸಿನ ಮಠದಲ್ಲಿ ಅಡುಗೆ ಮಾಡುತ್ತಿದ್ದವರು, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಇರಬಹುದು ಅಂದವರು. ನಾನು ಓದಿದ್ದು ಇಂಗ್ಲಿಷಿನದು, ಮಗಳು ಓದಿ ಹೇಳಿದಳು. ಸಂತ ಅಗಸ್ಟೀನರ ಆತ್ಮಕಥೆ ಕೈಗೆ ಬಂದರೆ 13 ಭಾಗದಲ್ಲಿ ಮೊದಲ ಒಂಬತ್ತು ಓದಿ. ಉಳಿದವು ನೆನಪು, ಕಾಲ, ಸೃಷ್ಟಿ ಅಂತ ಆಳಕ್ಕೆ ಇಳಿಯುತ್ತವೆ. ನಾನು ಇನ್ನೂ ಇಳಿದಿಲ್ಲ.

ಓದು ಬರದ ಹಿರಿಯರು ಮನೆಯಲ್ಲಿದ್ದರೆ ಜೋರಾಗಿ ಓದಿ. ನಮ್ಮಜ್ಜಿ ಶೆಟ್ಟಿಹಳ್ಳಿ ಕಡೆಯವರು. ಗೊರೂರು ಅಣೆಕಟ್ಟೆಯ ನೀರು ಏರಿದಾಗ ಮುಳುಗುವ ಚರ್ಚು ಇದೆಯಲ್ಲ, ಈಗ ಜನ ಫೋಟೋ ತೆಗೆಯಲು ಹೋಗುತ್ತಾರೆ, ಅದೇ ಊರು. ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ನಾನು ಓದುವಾಗ ಸಾಲು ಬಿಟ್ಟರೆ ಜಪಸರ ನಿಲ್ಲಿಸಿ "ಅಲ್ಲಿ ಇನ್ನೊಂದು ಮಾತಿದೆ ನೋಡು" ಅನ್ನುತ್ತಿದ್ದರು.

ಒಂದು ಸಲಕ್ಕೆ ಒಂದೇ ಪುಸ್ತಕ ಇಟ್ಟುಕೊಳ್ಳಿ. ಇಪ್ಪತ್ತು ಪುಟ ಓದಿಯೂ ಹತ್ತದಿದ್ದರೆ ಬಿಡಿ, ಪಾಪ ಏನಲ್ಲ. ಡಿಸೆಂಬರ್ ಬಂದರೆ ನನಗೆ ಅದೂ ಆಗುವುದಿಲ್ಲ. ಕ್ರಿಸ್ಮಸ್ ಬಟ್ಟೆ ರಾಶಿ ಬಿದ್ದಿರುತ್ತದೆ, 24ರ ರಾತ್ರಿ ಪೂಜೆಗೆ ಗಂಟೆ ಹೊಡೆಯುವ ತನಕ ಹುಕ್ಸ್ ಹಚ್ಚುತ್ತಿರುತ್ತೇನೆ. ಆ ತಿಂಗಳಿಗೆ 131 ಒಂದೇ. ಬರೆದು ಮಿಷನ್ ಮುಂದಿನ ಗೋಡೆಗೆ ಗುಂಡುಪಿನ್ ಚುಚ್ಚಿ ಹಾಕಿಕೊಂಡಿದ್ದೇನೆ.